ಹಿಂದಿನ ಲಾಕ್ ಹಿಡಿಯುತ್ತಿಲ್ಲವೇ? ಸೆಕೆಂಡ್ ಹ್ಯಾಂಡ್ ಥಾರ್‌ನ ಡಿಫರೆನ್ಷಿಯಲ್ ದೋಷ ಪತ್ತೆ ಮಾಡುವ ಕ್ರಮ

ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರು ಮೊದಲ ಮುಂಗಾರಿನಲ್ಲಿ ಹೇಳುವ ದೂರು ಬಹುತೇಕ ಒಂದೇ ಆಗಿರುತ್ತದೆ. ಕೆಸರಿನಲ್ಲಿ ಹಿಂದಿನ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ, ಇನ್ನೊಂದು ಅಲ್ಲಾಡದೆ ನಿಂತಿರುತ್ತದೆ, ಆದ್ದರಿಂದ ಡಿಫರೆನ್ಷಿಯಲ್ಲಿನ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯ) ಲಾಕ್, ಅಂದರೆ ಆ ಎರಡು ಚಕ್ರಗಳನ್ನು ಒಂದಾಗಿ ತಿರುಗಿಸುವ ಭಾಗ, ಕೆಟ್ಟಿದೆ ಎಂದು ತೀರ್ಮಾನಿಸಿ ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಅಲ್ಲಿ ಆಕ್ಸಲ್‌ಗಳನ್ನು ಎಳೆದು, ಡಿಫರೆನ್ಷಿಯಲ್ಲಿನ ಹೊರಕವಚವಾದ ಹೌಸಿಂಗ್ ಬಿಚ್ಚಿ, ಕಾರ್ಖಾನೆಯಲ್ಲಿ ಕೂರಿಸಿದ್ದ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳ ಹೊಂದಾಣಿಕೆಯನ್ನು ಕದಲಿಸಿ ನೋಡಿದ ಮೇಲೆ ಲಾಕ್ ಸರಿಯಾಗಿಯೇ ಇತ್ತೆಂದು ಗೊತ್ತಾಗುವುದುಂಟು. ಅಂತಹ ಗಾಡಿಗಳಲ್ಲಿ ಮೊದಲಿಲ್ಲದ ಕೊರಗುವ ಶಬ್ದ ಆನಂತರ ಶುರುವಾಗುತ್ತದೆ. ಈ ಬರಹವನ್ನು ನಾನು ಬರೆಯುತ್ತಿರುವುದು ಆ ಹೌಸಿಂಗ್ ವಿನಾಕಾರಣ ಬಿಚ್ಚಿಕೊಳ್ಳಬಾರದು ಎಂಬ ಕಾಳಜಿಯಿಂದ. ಬಿಚ್ಚುವ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳು ಹಲವಿವೆ. ಅವುಗಳಲ್ಲಿ ಮೊದಲನೆಯದು, ಆ ಗಾಡಿಯಲ್ಲಿ ಲಾಕ್ ನಿಜವಾಗಿಯೂ ಇದೆಯೇ ಎಂಬುದು.

ಲಾಕ್ ಇದೆಯೇ?

ಪ್ರಶ್ನೆ ಬಾಲಿಶವೆನಿಸಬಹುದು, ಆದರೆ ಮಹೀಂದ್ರಾ ಥಾರ್‌ನ ಮಟ್ಟಿಗೆ ಅದು ಅತ್ಯಂತ ಮುಖ್ಯ. ಹಿಂದಿನ ಆಕ್ಸಲ್ಲಿನಲ್ಲಿ ತಾನಾಗಿಯೇ ಲಾಕ್ ಆಗುವ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಥಾರ್‌ಗೆ ಬಂದದ್ದು 2015ರಲ್ಲಿ ಪರಿಷ್ಕರಿಸಿದ ಸಿ.ಆರ್.ಡಿ.ಇ. (ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ) ಗಾಡಿಯಲ್ಲಿ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಎರಡನೆಯ ತಲೆಮಾರಿನ ಥಾರ್‌ನಲ್ಲೂ ಅದು ಮುಂದುವರಿಯಿತು, ಆದರೆ ಎಲ್ಲ ಆವೃತ್ತಿಗಳಲ್ಲೂ ಅಲ್ಲ. 2023ರ ಜನವರಿಯಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆ ಇರುವ ಥಾರ್ ಬಂದಾಗ ಫೋರ್ ವೀಲ್ ಡ್ರೈವ್ ಗಾಡಿಗಳ ಸಲಕರಣೆಪಟ್ಟಿಯೂ ಬದಲಾಯಿತು. ಬ್ರೇಕ್ ಮೂಲಕ ಕೆಲಸ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಮುಖ್ಯವಾಯಿತು, ಮೆಕ್ಯಾನಿಕಲ್ ಲಾಕ್ ಆಯ್ಕೆಯ ವಸ್ತುವಾಯಿತು. ಹಾಗಾಗಿ ಅಕ್ಕಪಕ್ಕ ನಿಂತ, ನೋಡಲು ಒಂದೇ ತೆರನಾದ ಎರಡು ಥಾರ್‌ಗಳಲ್ಲಿ ಒಂದಕ್ಕೆ ಲಾಕ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ಸಾಧ್ಯ.

ಈ ಲಾಕ್‌ಗೆ ಸ್ವಿಚ್ ಇಲ್ಲ, ಲಿವರ್ ಇಲ್ಲ, ಮೀಟರಿನಲ್ಲಿ ದೀಪವೂ ಇಲ್ಲ. ಆರ್.ಸಿ. ಪುಸ್ತಕದಲ್ಲೂ ಅದರ ಉಲ್ಲೇಖ ಇರುವುದಿಲ್ಲ. ಮಾರುವವರು "ಡಿಫ್ ಲಾಕ್ ಇದೆ" ಎಂದರೆ ಅದು ಸುಳ್ಳೇ ಆಗಬೇಕಿಲ್ಲ, ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್ ಎಂಬ ಹೆಸರನ್ನು ಕೇಳಿ ಅವರೂ ಹಾಗೆಯೇ ನಂಬಿರಬಹುದು. ವಾಸ್ತವದಲ್ಲಿ ಬ್ರೇಕ್ ಲಾಕಿಂಗ್ ಎಂಬುದು ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಆ ಮೂಲಕ ಎದುರು ಚಕ್ರಕ್ಕೆ ಬಲ ಹರಿಸುವ ಉಪಾಯ. ಅದರಲ್ಲಿ ಎರಡು ಆಕ್ಸಲ್ ಶಾಫ್ಟ್‌ಗಳನ್ನು ಒಂದಾಗಿ ಬಿಗಿಯುವ ಯಾವ ಲೋಹದ ಭಾಗವೂ ಇಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ದಾಖಲೆಯ ದಾರಿಯೊಂದಿದೆ: ಚಾಸಿಸ್ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ಗಾಡಿ ಕಾರ್ಖಾನೆಯಿಂದ ಹೊರಬಂದ ಆವೃತ್ತಿ ಮತ್ತು ಸಲಕರಣೆಗಳನ್ನು ಕೇಳಬಹುದು. ಇನ್ನೊಂದು ದಾರಿ, ಕೆಳಗೆ ವಿವರಿಸಿರುವ ಜಾಕ್ ಪರೀಕ್ಷೆ. ನಾನು ಎರಡನ್ನೂ ಮಾಡಿಸುತ್ತೇನೆ, ಏಕೆಂದರೆ ಹಳೆಯ ಗಾಡಿಯ ಹಿಂದಿನ ಹೌಸಿಂಗನ್ನು ಯಾರಾದರೂ ಬೇರೆ ಗಾಡಿಯದರೊಂದಿಗೆ ಬದಲಿಸಿದ್ದರೆ ದಾಖಲೆ ಅದನ್ನು ಹೇಳುವುದಿಲ್ಲ.

ಲಾಕ್‌ಗೆ ಅವಕಾಶ ಸಿಕ್ಕಿತೇ?

ದೋಷ ಹುಡುಕಲು ಹೊರಟವರಿಗೆ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿರಲೇಬೇಕು. ಡಿಫರೆನ್ಷಿಯಲ್ಲಿನ ಒಳಗೆ ಗವರ್ನರ್ ಎಂಬ ಪುಟ್ಟ ಶಾಫ್ಟ್ ಇದ್ದು, ಅದರ ಮೇಲೆ ಸ್ಪ್ರಿಂಗ್ ಹಿಡಿದಿಟ್ಟ ಸಣ್ಣ ತೂಕಗಳಿವೆ. ಹಿಂದಿನ ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತನ್ನು ಮುಟ್ಟಿದಾಗ ಆ ತೂಕಗಳು ಹೊರಕ್ಕೆ ಚಾಚಿ ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಗವರ್ನರ್ ನಿಂತೊಡನೆ ಅದಕ್ಕೆ ಹಲ್ಲಿನಿಂದ ಜೋಡಿಸಿದ ಕ್ಯಾಮ್ ಫಲಕವೂ ತಡೆಯಲ್ಪಟ್ಟು, ಇಳಿಜಾರು ಮೈಯ ಮೇಲೆ ಏರಿ, ಕ್ಲಚ್ ಫಲಕಗಳನ್ನು ಒತ್ತಿ ಹಿಡಿಯುತ್ತದೆ; ಎರಡೂ ಚಕ್ರಗಳು ಒಂದಾಗಿ ತಿರುಗತೊಡಗುತ್ತವೆ. ಗಾಡಿ ಗಂಟೆಗೆ ಸುಮಾರು 30 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿದ್ದರೆ ಮತ್ತೊಂದು ತೂಕ ಆ ಕೊಂಡಿಯನ್ನು ದೂರ ಸರಿಸುವುದರಿಂದ ಲಾಕ್ ಹಿಡಿಯುವುದೇ ಇಲ್ಲ. ಹೆದ್ದಾರಿಯಲ್ಲಿ ಅಪಾಯ ಆಗದಿರಲೆಂದು ಮಾಡಿದ ಏರ್ಪಾಡು ಅದು.

ನಿಮಿಷಕ್ಕೆ 100 ಸುತ್ತು ಎಂದರೆ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು. ಸೂಕ್ಷ್ಮವಾಗಿ ಓಡಿಸುವವರು ಇಲ್ಲೇ ಎಡವುತ್ತಾರೆ. ಹಾನುಬಾಳು ಕಡೆಯ ತೋಟವೊಂದರಲ್ಲಿ, ಆಗಸ್ಟ್ ತಿಂಗಳ ಮಳೆಯಲ್ಲಿ, ಕಣದ ಕಡೆಗೆ ಇಳಿಯುವ ದಾರಿಯ ಗುಂಡಿಗೆ ನನ್ನ ಗಾಡಿಯ ಎಡ ಹಿಂಚಕ್ರ ಬಿದ್ದಾಗ ನಾನೂ ಅದನ್ನೇ ಮಾಡಿದೆ. ಚಕ್ರ ಜಾರಬಾರದೆಂದು ಆಕ್ಸಿಲರೇಟರನ್ನು ಮೆಲ್ಲಗೆ ಮುಟ್ಟುತ್ತಿದ್ದೆ. ಚಕ್ರ ಸೆಕೆಂಡಿಗೆ ಒಂದು ಸುತ್ತೂ ಆಗದಷ್ಟು ನಿಧಾನವಾಗಿ ಕೆಸರನ್ನು ನಾದುತ್ತಿತ್ತು, ಬಲಚಕ್ರ ಕಲ್ಲಿನ ಮೇಲೆ ನಿಂತೇ ಇತ್ತು. ಪಕ್ಕದಲ್ಲಿ ಕಂಬಳಿ ಕೊಪ್ಪೆ ಹಾಕಿ ನಿಂತಿದ್ದ ಮೇಸ್ತ್ರಿ, "ಅಣ್ಣಾ, ಹೀಗ್ ಸವರಿದ್ರೆ ಆಗಲ್ಲ, ಒಂದ್ಸಲ ಜೋರಾಗಿ ಕೊಡಿ" ಎಂದರು. ಕೊಟ್ಟೆ. ಸೀಟಿನ ಕೆಳಗೆ "ಟಕ್" ಎಂಬ ಒಂದೇ ಒಂದು ಏಟು ಕೇಳಿಸಿತು, ಬಲಚಕ್ರ ಕಲ್ಲನ್ನು ಕಚ್ಚಿತು, ಗಾಡಿ ಮೇಲೆ ಬಂತು. ಲಾಕ್ ಚೆನ್ನಾಗಿಯೇ ಇತ್ತು, ಅದಕ್ಕೆ ಬೇಕಾದ ವೇಗದ ಅಂತರವನ್ನು ನಾನೇ ಕೊಟ್ಟಿರಲಿಲ್ಲ.

ಅದೇ ಕಾರಣಕ್ಕೆ ಇ.ಎಸ್.ಪಿ. ವ್ಯವಸ್ಥೆಯನ್ನೂ ಗಮನಿಸಬೇಕು. ಚಕ್ರ ಜಾರುವುದನ್ನು ಕಂಡೊಡನೆ ಎಂಜಿನ್ನಿನ ಬಲವನ್ನು ತಗ್ಗಿಸಿ, ಬ್ರೇಕನ್ನೂ ಹಾಕುವುದು ಅದರ ಕೆಲಸ; ಅದು ಮೊದಲೇ ಕೈ ಹಾಕಿದರೆ ವೇಗದ ಅಂತರ 100 ಸುತ್ತಿಗೆ ಏರುವುದೇ ಇಲ್ಲ. ಆದ್ದರಿಂದ ಮೆಕ್ಯಾನಿಕಲ್ ಲಾಕನ್ನು ಕೆಸರಿನಲ್ಲಿ ಪರೀಕ್ಷಿಸುವಾಗ ಇ.ಎಸ್.ಪಿ. ಸ್ವಿಚ್ಚನ್ನು ಒತ್ತಿ ಆಫ್ ಮಾಡಿಕೊಳ್ಳಬೇಕು, ಟಾರ್ ರಸ್ತೆಗೆ ಬಂದೊಡನೆ ಮರೆಯದೆ ಆನ್ ಮಾಡಬೇಕು.

ಜಾಕ್ ಪರೀಕ್ಷೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ, ಆಕ್ಸಲ್ಲಿನ ಅಡಿಗೆ ಎರಡು ಸ್ಟ್ಯಾಂಡ್‌ಗಳನ್ನು ಕೊಡಬೇಕು. ಇಲ್ಲಿ ಜೀವಕ್ಕೆ ಸಂಬಂಧಿಸಿದ ವಿಷಯವೊಂದನ್ನು ಒತ್ತಿ ಹೇಳುತ್ತೇನೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಮತ್ತು ಪರೀಕ್ಷೆಗಾಗಿ ಅದನ್ನು ಬಿಡಲೇಬೇಕು. ಟೂ ವೀಲ್ ಡ್ರೈವಿನಲ್ಲಿ ಗೇರ್ ಹಾಕಿದರೂ ಅದು ತಡೆಯುವುದು ಗಾಳಿಯಲ್ಲಿರುವ ಆ ಹಿಂದಿನ ಚಕ್ರಗಳನ್ನೇ. ಅಂದರೆ ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ಹಿಡಿದಿಡುವುದು ಏನೂ ಇರುವುದಿಲ್ಲ, ಒಂದು ತಳ್ಳಿಗೆ ಗಾಡಿ ಸ್ಟ್ಯಾಂಡಿನಿಂದ ಜಾರಬಹುದು. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಭಾರವಾದ ಅಡ್ಡಕಟ್ಟೆ ಕೊಡದೆ ಗಾಡಿಯ ಹತ್ತಿರ ಯಾರೂ ಕೂರಬಾರದು. ಫೋರ್ ವೀಲ್ ಡ್ರೈವ್ ಹಾಕಿ ಗೇರಿನಲ್ಲಿಟ್ಟರೆ ಸಾಕೆಂದು ಕೆಲವರು ಹೇಳುತ್ತಾರೆ. ಮುಂದಿನ ಆಕ್ಸಲ್ಲಿನ ಜೋಡಣೆಯೇ ದೋಷಪೂರ್ಣವಾಗಿದ್ದರೆ ಆ ಭರವಸೆ ಕೈಕೊಡುತ್ತದೆ.

ಎಂಜಿನ್ ಆಫ್ ಮಾಡಿ, ಮೊದಲ ಗೇರ್ ಹಾಕಿ, ಒಂದು ಹಿಂಚಕ್ರವನ್ನು ಕೈಯಿಂದ ಅತಿ ನಿಧಾನವಾಗಿ ತಿರುಗಿಸಿದರೆ ಎದುರು ಚಕ್ರ ತದ್ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು. ಇದು ಬಿಡುಗಡೆ ಸ್ಥಿತಿಯ ಲಕ್ಷಣ. ನಿಧಾನವಾಗಿ ತಿರುಗಿಸಿದಾಗಲೂ ಚಕ್ರ ಬಿಗಿದು ನಿಂತರೆ ಕೊಂಡಿ ಅಥವಾ ಗವರ್ನರ್ ಸಿಕ್ಕಿಕೊಂಡಿದೆ, ಇಲ್ಲವೇ ಕ್ಲಚ್ ಫಲಕಗಳು ಅಂಟಿಕೊಂಡಿವೆ ಎಂದರ್ಥ. ಆನಂತರ ಅದೇ ಚಕ್ರವನ್ನು ಎರಡೂ ಕೈಗಳಿಂದ ಬೀಸಿ ತಿರುಗಿಸಬೇಕು. ಗೇರ್ ಬಾಕ್ಸಿನ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಿಂತಿರುವಾಗ ಎರಡು ಚಕ್ರಗಳು ವಿರುದ್ಧ ದಿಕ್ಕಿಗೆ ಹೋಗುವುದರಿಂದ, ನಮ್ಮ ಕೈಯಲ್ಲಿರುವ ಚಕ್ರ ನಿಮಿಷಕ್ಕೆ 50 ಸುತ್ತಿನ ವೇಗ ಪಡೆದರೂ ಅಂತರ 100 ಆಗುತ್ತದೆ. ಹಾಗಾಗಿ ಕೈಬಲದಿಂದಲೇ ಇದು ಸಾಧ್ಯ, ಆದರೆ ಎರಡು ಮೂರು ಬಾರಿ ಪ್ರಯತ್ನಿಸಬೇಕಾಗಬಹುದು. ಲಾಕ್ ಇದ್ದು ಸರಿಯಾಗಿದ್ದರೆ "ಟಕ್" ಎಂದು ಚಕ್ರ ಕೈಯಲ್ಲೇ ಗಕ್ಕನೆ ನಿಲ್ಲುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಎದುರು ದಿಕ್ಕಿನಲ್ಲೂ, ಇನ್ನೊಂದು ಚಕ್ರದಿಂದಲೂ ಇದನ್ನು ಮಾಡಿ ನೋಡಬೇಕು.

ಇಲ್ಲಿ ಬರುವ ಉತ್ತರಗಳನ್ನು ಬೇರೆ ಬೇರೆಯಾಗಿ ಓದಿಕೊಳ್ಳುವುದು ಮುಖ್ಯ. ಎಷ್ಟು ಬೀಸಿದರೂ ಶಬ್ದವೇ ಇಲ್ಲದಿದ್ದರೆ ಆ ಹೌಸಿಂಗಿನಲ್ಲಿ ಲಾಕ್ ಇಲ್ಲ, ಇಲ್ಲವೇ ಗವರ್ನರ್ ಸತ್ತಿದೆ. ದಾಖಲೆಯ ಉತ್ತರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ. "ಟಕ್" ಎಂಬ ಶಬ್ದ ಬಂದು, ಚಕ್ರ ಕ್ಷಣಕಾಲ ಹಿಡಿದಂತಾಗಿ ಮತ್ತೆ ಜಾರಿದರೆ ಗವರ್ನರ್ ಚೆನ್ನಾಗಿದೆ, ಕ್ಲಚ್ ಫಲಕಗಳು ಸವೆದಿವೆ ಅಥವಾ ಆಯಿಲ್ ತಪ್ಪಾಗಿದೆ ಎಂದು ಶಂಕಿಸಬೇಕು. ಈ ಎರಡನೆಯ ಸಂದರ್ಭದಲ್ಲಿ ಮೊದಲು ಮಾಡಬೇಕಾದ ಖರ್ಚು ಆಯಿಲ್ಲಿನದು ಮಾತ್ರ.

ಆಯಿಲ್ ಹೇಳುವ ಸಂಗತಿ

ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆ ಎಂದು ಖಾತ್ರಿಯಾದ ಮೇಲೆಯೇ ಕೆಳಗಿನ ಡ್ರೇನ್ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಕು. ಇಲ್ಲದಿದ್ದರೆ ಆಯಿಲ್ಲೆಲ್ಲ ಸುರಿದು, ಮೇಲಿನ ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡು, ಗಾಡಿ ಗ್ಯಾರೇಜಿನಲ್ಲೇ ಉಳಿಯುತ್ತದೆ. ಸುರಿದ ಆಯಿಲ್ಲನ್ನು ಶುಭ್ರವಾದ ಟ್ರೇಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಬೇಕು. ಅಯಸ್ಕಾಂತಕ್ಕೆ ಅಂಟಿದ, ಬೆರಳಿನಲ್ಲಿ ಉಜ್ಜಿದರೆ ಕಾಡಿಗೆಯಷ್ಟು ನುಣುಪಾಗಿರುವ ಬೂದು ಬಣ್ಣದ ಪೇಸ್ಟ್ ಸಹಜ ಸವೆತ. ಉಗುರಿಗೆ ಸಿಗುವ ಚೂರುಗಳು, ಹಲ್ಲಿನ ತುಣುಕುಗಳು, ಹೊಳೆಯುವ ಪದರಗಳು ಕಂಡರೆ ಮಾತ್ರ ಹೌಸಿಂಗ್ ಬಿಚ್ಚುವ ಮಾತನ್ನು ಎತ್ತಬಹುದು.

ಕೆಸರಿನ ಆ ಘಟನೆಯಾದ ವಾರದಲ್ಲೇ ನನ್ನ ಗಾಡಿಯ ಆಯಿಲ್ ಇಳಿಸಿದಾಗ ಬಂದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ದ್ರವ. ನೀರು ಸೇರಿತ್ತು. ಹಿಂದಿನ ಮಾಲೀಕರು ಹಳ್ಳ ದಾಟಿಸಿರಬಹುದು, ಆದರೆ ಎರಡನೆಯ ತಲೆಮಾರಿನ ಥಾರ್ 650 ಮಿ.ಮೀ. ನೀರಿನಲ್ಲಿ ಸಾಗಬಲ್ಲದೆಂದು ಕಂಪನಿಯೇ ಹೇಳುವಾಗ ಹಳ್ಳ ದಾಟಿಸಿದ್ದೇ ತಪ್ಪಾಗುವುದಿಲ್ಲ. ಕಾರಣ ಹುಡುಕುತ್ತ ಹೋದಾಗ ಆಕ್ಸಲ್ಲಿನ ಬ್ರೀದರ್ ಪೈಪಿನ ತುದಿ ಸಿಕ್ಕಿತು. ಅದರ ಬಾಯಿಗೆ ಕಣಜವೊಂದು ಕೆಮ್ಮಣ್ಣಿನಿಂದ ಅಚ್ಚುಕಟ್ಟಾದ ಬಿರಡೆ ಹಾಕಿತ್ತು. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಒಣಮಣ್ಣು ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಅದು ಗಾಳಿಯನ್ನು ಎಳೆದುಕೊಳ್ಳುತ್ತದೆ, ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಗಾಡಿ ಇಟ್ಟುಕೊಂಡವರು ಮಳೆಗಾಲಕ್ಕೆ ಮುಂಚೆ ಆ ಪೈಪನ್ನು ಕಳಚಿ ಊದಿ ನೋಡುವುದು ಐದು ನಿಮಿಷದ ಕೆಲಸ, ಮತ್ತು ಅದನ್ನು ಸರ್ವಿಸ್ ಪಟ್ಟಿಯಲ್ಲಿ ಯಾರೂ ಬರೆದು ಕೊಡುವುದಿಲ್ಲ.

ಹೊಸ ಆಯಿಲ್ ಹಾಕುವಾಗ ಗಾಡಿಯ ಪುಸ್ತಕದಲ್ಲಿರುವ ದರ್ಜೆಯನ್ನೇ ಹಾಕಿ, ತುಂಬುವ ರಂಧ್ರದ ಕೆಳ ಅಂಚಿನವರೆಗೆ ಬಂದಾಗ ನಿಲ್ಲಿಸಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗಳಿಗೆ ಬೆರೆಸುವ ಘರ್ಷಣೆ ತಗ್ಗಿಸುವ ದ್ರವವನ್ನು "ಒಳ್ಳೆಯದಕ್ಕೇ" ಎಂದು ಇದಕ್ಕೂ ಸುರಿಯುವ ರೂಢಿ ಕೆಲವೆಡೆ ಇದೆ. ಈ ಲಾಕ್‌ಗೆ ಅದು ಬೇಕಿಲ್ಲ; ಹಿಡಿಯಬೇಕಾದ ಫಲಕಗಳನ್ನೇ ಜಾರುವಂತೆ ಮಾಡುವುದರಿಂದ ಲಾಕ್ ದುರ್ಬಲವಾಗುತ್ತದೆ. ನೀರು ಸೇರಿದ್ದ ಹೌಸಿಂಗಿಗೆ ಒಮ್ಮೆ ಆಯಿಲ್ ಬದಲಿಸಿದರೆ ಸಾಲದು, ನೂರಾರು ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ, ಆಮೇಲೆ ಜಾಕ್ ಪರೀಕ್ಷೆಯನ್ನು ಪುನಃ ಮಾಡಬೇಕು. ನನ್ನ ಗಾಡಿಯಲ್ಲಿ ಎರಡನೆಯ ಬಾರಿ ಇಳಿಸಿದ ಆಯಿಲ್ ಜೇನಿನ ಬಣ್ಣದಲ್ಲಿತ್ತು, ತಿರುವಿನಲ್ಲಿ ಬರುತ್ತಿದ್ದ ಗರಗರ ಶಬ್ದವೂ ನಿಂತಿತು.

ಶಬ್ದಗಳನ್ನು ಬೇರ್ಪಡಿಸುವುದು

ಕೆಸರಿನಲ್ಲಿ ಚಕ್ರ ಜೋರಾಗಿ ಸುತ್ತಿದಾಗ ಕೇಳುವ ಒಂದು ಏಟು ದೋಷವಲ್ಲ. ಒಣಗಿದ ಟಾರ್ ರಸ್ತೆಯಲ್ಲಿ ಪ್ರತಿ ಯೂ ಟರ್ನಿಗೂ ಅದೇ ಏಟು ಕೇಳಿದರೆ ಅದು ದೋಷ. ಏಕೆಂದು ಲೆಕ್ಕ ಹಾಕಿ ನೋಡಬಹುದು. ಚಕ್ರಗಳ ನಡುವಿನ ಅಗಲವನ್ನು ಸುಮಾರು ಒಂದೂವರೆ ಮೀಟರ್ ಎಂದೂ, ತಿರುವಿನ ತ್ರಿಜ್ಯವನ್ನು ಐದೂವರೆ ಮೀಟರ್ ಎಂದೂ ಹಿಡಿದರೆ, ಗಂಟೆಗೆ 15 ಕಿ.ಮೀ. ವೇಗದ ತಿರುವಿನಲ್ಲಿ ಒಳಚಕ್ರ ಮತ್ತು ಹೊರಚಕ್ರಗಳ ಅಂತರ ನಿಮಿಷಕ್ಕೆ 30 ಸುತ್ತನ್ನೂ ಮುಟ್ಟುವುದಿಲ್ಲ. 100ಕ್ಕೆ ಹಿಡಿಯಬೇಕಾದ ಲಾಕ್ 30ಕ್ಕೇ ಹಿಡಿಯುತ್ತಿದ್ದರೆ ಗವರ್ನರಿನ ಸ್ಪ್ರಿಂಗ್ ಅಥವಾ ಕೊಂಡಿ ಸೋತಿದೆ, ಅಂತಹ ಗಾಡಿಯನ್ನು ಮಳೆಯ ಘಾಟಿ ರಸ್ತೆಗೆ ಒಯ್ಯಬಾರದು. ಎರಡು ಹಿಂದಿನ ಟೈರುಗಳ ಸವೆತದಲ್ಲಿ ವ್ಯತ್ಯಾಸವಿದ್ದುದೇ ಕಾರಣವೆಂದು ಕೆಲವು ಮೆಕ್ಯಾನಿಕ್‌ಗಳು ಹೇಳುತ್ತಾರೆ. 255/65 ಆರ್18 ಟೈರಿನಲ್ಲಿ 5 ಮಿ.ಮೀ. ಸವೆತದ ವ್ಯತ್ಯಾಸ ತರುವುದು ಕಿ.ಮೀ.ಗೆ ಐದು ಸುತ್ತಿನ ಅಂತರವನ್ನು, ಅಂದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಎರಡು ಮೂರು ಸುತ್ತನ್ನು. ಅಷ್ಟಕ್ಕೆ ಈ ಲಾಕ್ ಎಚ್ಚರವಾಗುವುದಿಲ್ಲ.

ಗೇರ್ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಬರುವ ಏಟು ಬಹುಪಾಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ತುದಿಯಲ್ಲಿ ಬಾಗಲು ಬಿಡುವ ಕೀಲು) ಸವೆದದ್ದರಿಂದ. ಕೈಯಿಂದ ಹಿಡಿದು ಹಿಂದೆ ಮುಂದೆ ತಿರುವಿದರೆ ಸಡಿಲ ತಿಳಿಯುತ್ತದೆ. ವೇಗ ಹೆಚ್ಚಿದಂತೆ ಏರುವ ಕೊರಗು ಕ್ರೌನ್, ಪಿನಿಯನ್ ಅಥವಾ ಬೇರಿಂಗಿನದು. ಇವೆರಡಕ್ಕೂ ಲಾಕ್‌ಗೂ ಸಂಬಂಧವಿಲ್ಲ.

ಮುಂದಿನ ಆಕ್ಸಲ್ ಮತ್ತು ಸಿಕ್ಕಿಕೊಳ್ಳುವ ಲಿವರ್

ಟೈರಿನ ಸವೆತ ನಿಜವಾಗಿ ಕಾಡುವುದು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ. ಥಾರ್‌ನ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆಯಲ್ಲಿ, ಮಧ್ಯದ ಡಿಫರೆನ್ಷಿಯಲ್ ಇಲ್ಲ. ಲಿವರ್ ಫೋರ್ ವೀಲ್ ಡ್ರೈವಿನ ಸ್ಥಾನವಾದ 4ಎಚ್‌ಗೆ ಬಂದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಇದ್ದರೆ ಮೇಲೆ ಹೇಳಿದ ಕಿ.ಮೀ.ಗೆ ಐದು ಸುತ್ತಿನ ಅಂತರ ಹೋಗಲು ದಾರಿಯಿಲ್ಲದೆ ಶಾಫ್ಟ್‌ಗಳು ತಿರುಚಿಕೊಂಡು, ಲಿವರ್ ಟೂ ವೀಲ್ ಡ್ರೈವಿನ ಸ್ಥಾನವಾದ 2ಎಚ್‌ಗೆ ಮರಳುವುದಿಲ್ಲ. ಲಿವರನ್ನು ಬಲವಂತದಿಂದ ಎಳೆಯದೆ, ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋಗಿ ಪ್ರಯತ್ನಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಪದೇ ಪದೇ ಹೀಗಾದರೆ ನಾಲ್ಕೂ ಟೈರುಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ.

4ಎಚ್ ದೀಪ ಉರಿದ ಮಾತ್ರಕ್ಕೆ ಮುಂದಿನ ಚಕ್ರಗಳಿಗೆ ಬಲ ತಲುಪಿದೆ ಎಂದು ನಂಬಬಾರದು, ಏಕೆಂದರೆ ಎರಡನೆಯ ತಲೆಮಾರಿನ ಥಾರ್‌ನಲ್ಲಿ ಮುಂದಿನ ಆಕ್ಸಲ್ಲನ್ನು ಜೋಡಿಸಿ ಬಿಡಿಸುವುದು ವಿದ್ಯುತ್ತಿನಿಂದ ಚಲಿಸುವ ಭಾಗ. ಇಗ್ನಿಷನ್ ಆನ್ ಇರುವಾಗ 4ಎಚ್ ಹಾಕಿ, ಹಲ್ಲುಗಳು ಕೂಡಿಕೊಳ್ಳಲೆಂದು ಗಾಡಿಯನ್ನು ಸ್ವಲ್ಪ ದೂರ ಉರುಳಿಸಿ, ನಿಲ್ಲಿಸಿ ಮೊದಲ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಮುಂದಿನ ಒಂದೇ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಜೋಡಣೆ ಸರಿಯಿದ್ದರೆ ಚಕ್ರ ತಿರುಗುವುದಿಲ್ಲ; ಸಲೀಸಾಗಿ ತಿರುಗಿದರೆ ಜೋಡಣೆ ಆಗಿಲ್ಲ. ಆಗ ಫ್ಯೂಸ್, ಆಮೇಲೆ ಆಕ್ಸಲ್ಲಿನ ಮೇಲಿರುವ ಕನೆಕ್ಟರಿನೊಳಗಿನ ಕೆಸರು ಮತ್ತು ಹಸಿರು ಕಿಲುಬು, ಆಮೇಲೆ ಇಲಿ ಕಡಿದ ವೈರು ಎಂಬ ಕ್ರಮದಲ್ಲಿ ನೋಡಿದರೆ ದೋಷ ಬೇಗ ಸಿಗುತ್ತದೆ.

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನಂತಹ ಗಾಡಿಗಳಲ್ಲಿ ಹಿಂದಿನ ಲಾಕ್‌ಗೆ ಸ್ವಿಚ್ ಮತ್ತು ದೀಪ ಇರುವುದರಿಂದ ಪತ್ತೆಯ ದಾರಿ ಬೇರೆ. ದೀಪ ಮಿನುಗುತ್ತಲೇ ಇದ್ದರೆ ಆದೇಶ ಹೋಗಿದೆ, ಲಾಕ್ ಇನ್ನೂ ಪೂರ್ತಿ ಕೂತಿಲ್ಲ ಎಂದರ್ಥ. ಸ್ಟೀರಿಂಗನ್ನು ನಿಧಾನವಾಗಿ ಎಡಬಲ ಆಡಿಸುತ್ತ ಮುಂದೆ ಸಾಗಿದರೆ ಹಲ್ಲು ಕೂಡಿಕೊಳ್ಳುತ್ತದೆ. ಆಗಲೂ ಕೂರದಿದ್ದರೆ ವರ್ಷಗಟ್ಟಲೆ ಬಳಸದೆ ತುಕ್ಕು ಹಿಡಿದ ಮೋಟಾರನ್ನೂ, ಸ್ಥಾನ ತಿಳಿಸುವ ಸಣ್ಣ ಸ್ವಿಚ್ಚನ್ನೂ ನೋಡಬೇಕು. ಸ್ವಿಚ್ ಇರುವ ಲಾಕನ್ನು ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ತೆಗೆಯುವುದು ಒಳ್ಳೆಯ ಅಭ್ಯಾಸ.

ಹೌಸಿಂಗ್ ಬಿಚ್ಚಲೇಬೇಕಾದಾಗ

ದಾಖಲೆಯ ಪ್ರಕಾರ ಲಾಕ್ ಇದ್ದೂ ಜಾಕ್ ಪರೀಕ್ಷೆಯಲ್ಲಿ ಶಬ್ದವೇ ಬಾರದಿದ್ದರೆ, ಹೊಸ ಆಯಿಲ್ಲಿನ ನಂತರವೂ ಹಿಡಿತ ಜಾರಿದರೆ, ಒಣ ರಸ್ತೆಯ ನಿಧಾನ ತಿರುವಿನಲ್ಲೇ ಹಿಡಿದರೆ, ಇಲ್ಲವೇ ಡ್ರೇನ್ ಬೋಲ್ಟಿನಲ್ಲಿ ಲೋಹದ ಚೂರು ಬಂದರೆ ಬಿಚ್ಚದೆ ಗತ್ಯಂತರವಿಲ್ಲ. ಗೇರುಗಳ ಸೂಕ್ಷ್ಮ ಸಡಿಲವನ್ನು ಅಳೆಯುವ ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಬಿಚ್ಚುವ ಮುನ್ನವೇ ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲವನ್ನು ಅಳೆದು ಬರೆದಿಡಲು ಹೇಳಿ, ಎರಡು ಬದಿಯ ಬೇರಿಂಗ್ ಕ್ಯಾಪ್‌ಗಳಿಗೂ ಅಂತರ ಸರಿಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್‌ಗಳಿಗೂ ಎಡ ಬಲ ಎಂದು ಗುರುತು ಹಾಕಿಸಿ, ಜೋಡಿಸಿದ ಮೇಲೆ ಹಲ್ಲುಗಳಿಗೆ ಬಣ್ಣ ಬಳಿದು ಅಚ್ಚು ಎಲ್ಲಿ ಬೀಳುತ್ತದೆಂದು ನಿಮ್ಮ ಕಣ್ಣೆದುರೇ ತೋರಿಸಲು ಕೇಳಿ. ಅಚ್ಚು ಹಲ್ಲಿನ ಅಂಚಿಗೆ ಸರಿದಿದ್ದರೆ ಮುಚ್ಚಳ ಹಾಕಲು ಬಿಡಬೇಡಿ, ಶಿಮ್ ಬದಲಿಸಿ ಮತ್ತೆ ಬಣ್ಣ ಬಳಿಯಲಿ.